ಪಾಲಾಕ್ಷನವರ ಅಳತೆ ತಪ್ಪಿರಲಿಲ್ಲ

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಪಾಲಾಕ್ಷನವರ ಜೆರಾಕ್ಸ್ ಅಂಗಡಿ ಇದೆ. ಅವರ ಬಗ್ಗೆ ಬರೆಯುವ ಯೋಗ್ಯತೆ ಈ ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಇರುವವಳು ನಾನು. ಆದರೂ ಬರೆಯುತ್ತಿದ್ದೇನೆ. ಮಾಡಿದ್ದನ್ನು ಎಲ್ಲಾದರೂ ಒಂದು ಕಡೆ ಹೇಳಿಕೊಳ್ಳದೆ ಇರಲಾಗುತ್ತಿಲ್ಲ.

ಅವರು ಅರಕಲಗೂಡಿನ ಕಡೆಯವರು. ಹದಿನಾರನೇ ವಯಸ್ಸಿಗೆ ಅಲ್ಲಿನ ಒಂದು ಪ್ರೆಸ್ಸಿಗೆ ಅಚ್ಚಿನ ಮೊಳೆ ಜೋಡಿಸಲು ಸೇರಿದರಂತೆ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಅದೆಷ್ಟೋ ಲಗ್ನಪತ್ರಿಕೆ ಕಟ್ಟಿದ್ದಾರೆ. ಪ್ರೆಸ್ಸು ಮುಚ್ಚಿದ ಮೇಲೆ ನಮ್ಮೂರಿಗೆ ಬಂದು, ಕಂಪ್ಯೂಟರ್ ಕಲಿತು, ಅಂಗಡಿ ಇಟ್ಟರು. ರೈತರು ಅರ್ಜಿ ಬರೆಸಲು ಬಂದರೆ ಟೈಪು ಮಾಡಿ, ಪೂರ್ತಿ ಓದಿ ಹೇಳಿ, ಆಮೇಲೇ ಹೆಬ್ಬೆಟ್ಟು ಒತ್ತಿಸುವವರು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಳೆ ಹರಿದುಹಾಕಿ ತಮ್ಮ ಖರ್ಚಿನಲ್ಲೇ ಇನ್ನೊಂದು ತೆಗೆದುಕೊಡುತ್ತಿದ್ದರು. ಅಳತೆಯ ಕೆಲಸವೆಂದರೆ ಪಾಲಾಕ್ಷ ಅನ್ನುವ ಹೆಸರು ಊರಲ್ಲಿತ್ತು, ಆ ಹೆಸರಿನಿಂದಲೇ ಅಂಗಡಿ ನಡೆಯುತ್ತಿತ್ತು. ಅದಕ್ಕೆ ಕಲ್ಲು ಹಾಕಿದವಳು ನಾನು.

ನಾನು ತನ್ಮಯಿ, ದೇವಸ್ಥಾನದ ಬೀದಿಯ ಸೊಸೆ. ಮನೆಯಲ್ಲಿ ಸ್ಟಿಕ್ಕರ್ ಕತ್ತರಿಸುವ ಪುಟ್ಟ ಯಂತ್ರ ಇಟ್ಟುಕೊಂಡಿದ್ದೇನೆ. ಚಿತ್ರಗಳನ್ನು ಪಾಲಾಕ್ಷನವರ ಹತ್ತಿರ ಪ್ರಿಂಟ್ ಹಾಕಿಸಿ ತಂದು ನನ್ನ ಯಂತ್ರಕ್ಕೆ ಕೊಡುತ್ತೇನೆ. ಚಿತ್ರಗಳ ಸುತ್ತ ಒಂದು ಕಪ್ಪು ಚೌಕ ಅಚ್ಚಾಗಿರುತ್ತದೆ. ಬ್ಲೇಡಿನ ಪಕ್ಕದ ಗಾಜಿನ ಕಣ್ಣು ಆ ಚೌಕವನ್ನು ನೋಡಿ, ಚಿತ್ರ ಎಲ್ಲಿದೆಯೆಂದು ತಿಳಿದುಕೊಂಡು, ಸರಿಯಾಗಿ ಅಂಚಿನಲ್ಲೇ ಬ್ಲೇಡು ಓಡಿಸುತ್ತದೆ. ಓಡಿಸಬೇಕು.

ಆಯುಧಪೂಜೆ ಕಳೆದ ವಾರ ದುದ್ದದ ರೂಪಶ್ರೀ ಆರ್ಡರ್ ಕೊಟ್ಟಳು. ಮಗಳ ಮೊದಲ ಹುಟ್ಟುಹಬ್ಬ, ಚನ್ನರಾಯಪಟ್ಟಣದ ಕಲ್ಯಾಣಮಂಟಪದಲ್ಲಿ. ತಾಂಬೂಲದ ಚೀಲಕ್ಕೆ ಅಂಟಿಸಲು ಮಗುವಿನ ಮುಖವಿರುವ ಮುನ್ನೂರು ದುಂಡು ಸ್ಟಿಕ್ಕರ್. ಪ್ರಿಂಟ್ ತಂದು ಕತ್ತರಿಸಿದರೆ, ಅಯ್ಯೋ ದೇವರೇ, ಒಂದು ಕಡೆ ಬಿಳಿ ಅಂಚು, ಇನ್ನೊಂದು ಕಡೆ ಮಗುವಿನ ಕಿವಿಯೇ ಇಲ್ಲ! ಮತ್ತೆ ಹಾಕಿಸಿ ತಂದೆ. ಮತ್ತೆ ಕಿವಿ ಹೋಯಿತು. ಮೂರನೇ ಸಲ ಹೋಗುವಾಗ ನನ್ನ ತಲೆ ಕಾದಿತ್ತು.

ಪಾಲಾಕ್ಷನವರು ಹಾಳೆಯನ್ನು ಗಾಜಿನ ಮೇಲಿಟ್ಟು ಸ್ಕೇಲಿನಿಂದ ನಾಲ್ಕೂ ಕಡೆ ಅಳೆದರು.

"ಚೌಕ ಸರಿಯಾಗೇ ಅದೆ ಮೇಡಮ್. ಅಲ್ಲೂ ಇಲ್ಲೂ ಒಂದೇ ಅಳ್ತೆ. ನಿಮ್ ಮಿಷನ್ನ ಒಂದ್ಸಲ ನೋಡ್ಬುಡಿ."

"ನನ್ನ ಮಿಷನ್ ಹೊಸದು ಕಣ್ರೀ! ನಿಮ್ಮ ಪ್ರಿಂಟರ್‌ಗೆ ವಯಸ್ಸಾಗಿದೆ, ನಿಮಗೂ ಆಗಿದೆ. ಕಣ್ಣು ಕಾಣದೆ ಇದ್ರೆ ಇಂಥ ಕೆಲಸ ಯಾಕೆ ಒಪ್ಕೋತೀರಿ?"

ಅಂಗಡಿಯಲ್ಲಿ ಏಳೆಂಟು ಜನರಿದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕ್ವಾಪ ಮಾಡ್ಕಬ್ಯಾಡಿ, ಇನ್ನೊಂದ್ಸಲ ತಕ್ಕೊಡ್ತೀನಿ" ಎಂದು ಎಲ್ಲ ಹಾಳೆಗಳನ್ನೂ ಹೊಸದಾಗಿ ಹಾಕಿಕೊಟ್ಟರು. ನಾನು ಕಸಿದುಕೊಂಡು ಬಂದೆ. ಅಷ್ಟಕ್ಕೇ ಬಿಟ್ಟೆನೇ? ಸ್ಕೂಟರಿನ ಮೇಲೆ ಕೂತೇ ನಮ್ಮೂರ ಹೆಂಗಸರ ವಾಟ್ಸಾಪ್ ಗುಂಪಿಗೆ ಮಾತು ಕಳಿಸಿದೆ: ಪಾಲಾಕ್ಷ ಅವರಿಗೆ ಕಣ್ಣು ಮಂದವಾಗಿದೆ, ಅಳತೆಯ ಕೆಲಸ ಕೊಡಬೇಡಿ. ಆ ಗುಂಪಿನಲ್ಲಿ ಅರ್ಧಕ್ಕರ್ಧ ಸ್ಕೂಲ್ ಟೀಚರುಗಳೇ.

ಮಾರನೆಯ ದಿನ ರೂಪಶ್ರೀಗೂ ಫೋನಿನಲ್ಲಿ ಪಾಲಾಕ್ಷನವರನ್ನು ದೂರಿ, ಹಾಸನಕ್ಕೆ ಹೋಗಿ ದೊಡ್ಡ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಜಂಬದಿಂದ ಮನೆಗೆ ಬಂದು ಅಷ್ಟನ್ನೂ ಒಂದರ ಹಿಂದೆ ಒಂದರಂತೆ ಯಂತ್ರಕ್ಕೆ ಕೊಟ್ಟೆ. ಅದೇ ಬಿಳಿ ಅಂಚು, ಅದೇ ಕಿವಿ.

ಅತ್ತೆ ಶ್ರೀರಂಗಮ್ಮನವರು ಹೂ ಕಟ್ಟುತ್ತಾ ನೋಡುತ್ತಿದ್ದರು. "ಹಬ್ಬಕ್ಕೆ ಮುಂಚೆ ಚೆನ್ನಾಗೇ ಕತ್ತರಿಸ್ತಿತ್ತಲ್ಲೇ. ಹಬ್ಬ ಆದ ಮೇಲೆ ಏನು ಬಂತು ಇದಕ್ಕೆ?"

ಮೊಬೈಲಿನ ಟಾರ್ಚ್ ಹಾಕಿ ಯಂತ್ರದೊಳಗೆ ಬಗ್ಗಿ ನೋಡಿದೆ. ಗಾಜಿನ ಕಣ್ಣಿನ ಅರ್ಧಕ್ಕೆ ಒಣಗಿದ ಗಂಧ ಮೆತ್ತಿಕೊಂಡಿತ್ತು, ಮೇಲೊಂದು ಕುಂಕುಮದ ಚುಕ್ಕೆ. ಇಟ್ಟವಳು ನಾನೇ. ಆಯುಧಪೂಜೆಯ ದಿನ ಗ್ರೈಂಡರಿಗೆ, ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ ಬೊಟ್ಟಿಟ್ಟುಕೊಂಡು ಬಂದು, ಇದಕ್ಕೆ ಹಣೆ ಎಲ್ಲಿ ಅಂತ ಹುಡುಕಿದ್ದೆ. ಕಣ್ಣಿನ ಮೇಲೆ ಹಣೆಯೂ ಇರಬೇಕಲ್ಲ ಎಂದು ಭಕ್ತಿಯಿಂದ ಅಲ್ಲೇ ಒತ್ತಿದ್ದೆ. ಹಸಿ ಗಂಧ ಕೆಳಗಿಳಿದು ಕಣ್ಣು ಮುಚ್ಚಿತ್ತು. ಪಾಪದ ಯಂತ್ರ ಅರೆಗಣ್ಣಿನಲ್ಲಿ ನೋಡಿ ಅರೆಬರೆ ಕತ್ತರಿಸುತ್ತಿತ್ತು.

ಒದ್ದೆ ಹತ್ತಿಯಿಂದ ಒರೆಸಿ, ಒಣಗಿಸಿ, ಯಂತ್ರಕ್ಕೆ ಅಳತೆ ಹೊಂದಿಸುವ ಹಾಳೆಯನ್ನು ಓಡಿಸಿ ಸರಿಮಾಡಿಕೊಂಡೆ. ಹಾಸನದ ಹಾಳೆಗಳೆಲ್ಲ ಹಾಳಾಗಿದ್ದವು. ಉಳಿದಿದ್ದವು ಪಾಲಾಕ್ಷನವರು ಕೊನೆಯಲ್ಲಿ ಹಾಕಿಕೊಟ್ಟು, ನಾನು ಸಿಟ್ಟಿನಲ್ಲಿ ಕತ್ತರಿಸದೆ ಮೂಲೆಗಿಟ್ಟಿದ್ದವು ಮಾತ್ರ. ಅವನ್ನೇ ಕೊಟ್ಟೆ. ಮುನ್ನೂರು ಮುಖ, ಆರುನೂರು ಕಿವಿ, ಒಂದೂ ತಪ್ಪಲಿಲ್ಲ.

ರೂಪಶ್ರೀ ತೆಗೆದುಕೊಂಡು ಹೋಗಲು ಬಂದವಳು ಕುಣಿದಾಡಿಬಿಟ್ಟಳು. "ಆಸನ್ದಲ್ಲಿ ಮಾಡ್ಸಿದ್ದೇ ಒಳ್ಳೇದಾಯ್ತು ಕಣಕ್ಕಾ. ಆವಯ್ಯನ್ ತಾವ ಬುಟ್ಟಿದ್ರೆ ನಮ್ ಮಗೀಗೆ ಕಿವೀನೇ ಇರ್ತಿರ್ಲಿಲ್ಲ!"

ಅವಳ ಕೈಯಲ್ಲಿದ್ದದ್ದು 'ಆವಯ್ಯ'ನ ಹಾಳೆಗಳೇ. ನಾನು ಅವಳ ಜೊತೆ ನಕ್ಕೆ. ಥೂ, ನನ್ನ ಜನ್ಮಕ್ಕೆ!

ಆವತ್ತೇ ಹೋಗಿ ಹೇಳಬಹುದಿತ್ತು. ನಾಳೆ ಹೋದರಾಯಿತು ಅಂದುಕೊಂಡೆ. ಮಾರನೆಯ ದಿನ ಶನಿವಾರ ಎಂಬ ನೆವ ಸಿಕ್ಕಿತು, ಆಮೇಲೆ ನೆಂಟರು ಬಂದರು ಎಂಬ ನೆವ. ತರಕಾರಿಗೆ ಹೋಗುವಾಗ ತಾಲ್ಲೂಕು ಕಚೇರಿಯ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಓಡಾಡಿದೆ. ಗುಂಪಿನಲ್ಲಿ ತಪ್ಪಾಯಿತು ಅಂತ ಒಂದು ಸಾಲು ಹಾಕುವುದಕ್ಕೂ ಬೆರಳು ಬರಲಿಲ್ಲ. ಬೊಟ್ಟಿನ ಕಥೆ ಕೇಳಿ ಎಲ್ಲರೂ ನಗುತ್ತಾರಲ್ಲ ಎಂಬ ಚಿಂತೆ ನನಗೆ. ಹನ್ನೆರಡು ದಿನ ಹೀಗೇ ಕಳೆದೆ.

ಕೊನೆಗೆ ಅತ್ತೆ ಗದರಿದರು. "ಬೆಳಿಗ್ಗೆ ಎದ್ದು ದೇವರಿಗೆ ಅಡ್ಡಬೀಳ್ತೀಯಲ್ಲ, ಮೊದಲು ಆ ಮನುಷ್ಯನ ಮುಂದೆ ಹೋಗಿ ನಿಂತ್ಕೊಂಡು ಬಾ. ನಿನ್ನ ಮುಖ ನೋಡೋಕಾಗ್ತಿಲ್ಲ ಕಣೇ."

ಹೋದೆ. ಪಾಲಾಕ್ಷನವರು ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಿದ್ದರು. ಕಲರ್ ಪ್ರಿಂಟರ್ ಇರುತ್ತಿದ್ದ ಮೇಜು ಖಾಲಿಯಾಗಿತ್ತು.

"ಪ್ರಿಂಟರ್ ಎಲ್ಲಿ?" ಅಂದೆ.

"ಮಾರ್ಬುಟ್ಟೆ ಮೇಡಮ್. ಬೆಳಗೊಳದೋರು ನೆನ್ನೆ ಬಂದು ತಕಂಡೋದ್ರು. ಅಳ್ತೆ ಕೆಲ್ಸ ಇನ್ ಸಾಕು." ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀವಂದ್ಮ್ಯಾಕೆ ಆಸನಕ್ಕೋಗಿ ಕಣ್ ತೋರಿಸ್ಕಂಡೆ. ಡಾಕ್ಟ್ರು ಏನೂ ಆಗಿಲ್ಲ ಅಂದ್ರು. ಆದ್ರೂ ನಂಗೇ ನಂಬ್ಕೆ ಬರ್ನಿಲ್ಲ. ಒಂದ್ ಚೌಕಾನ ಅತ್ತತ್ತು ಸಲ ಅಳೀತಿದ್ದೆ. ಇಸ್ಕೂಲ್ನೋರೂ ಲೇಬಲ್ ಕೆಲ್ಸ ಬ್ಯಾರೆ ಕಡೀಕ್ ಕೊಟ್ರು. ಸುಮ್ಕೆ ಯಾಕೆ ಇನ್ನೊಬ್ರ ಕೆಲ್ಸ ಕೆಡ್ಸೋದು?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಿಂತಿದ್ದವರೆಲ್ಲರ ಮುಂದೆಯೇ ಹೇಳಿದೆ. ಬೊಟ್ಟಿಟ್ಟಿದ್ದು, ಗಂಧ ಇಳಿದದ್ದು, ಅವರ ಹಾಳೆಗಳೇ ಕೂದಲೆಳೆ ತಪ್ಪದೆ ಬಂದದ್ದು, ಎಲ್ಲ. ಯಾರೋ ಕಿಸಕ್ಕೆಂದರು. ಪಾಲಾಕ್ಷನವರು ನಗಲಿಲ್ಲ. ಕೈಯಲ್ಲಿದ್ದ ಪಹಣಿ ಕೆಳಗಿಟ್ಟರು.

"ಅಂಗಾರೆ ನನ್ ಚೌಕ ಸರಿಯಾಗಿತ್ತಾ?"

"ಸರಿಯಾಗಿತ್ತು. ತಪ್ಪೆಲ್ಲ ನಂದೇ."

ಅವರ ಕಣ್ಣಲ್ಲಿ ನೀರಾಡಿತು. ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನಿಮ್ಗೆ ಯಾವಾಗ ಗೊತ್ತಾಯ್ತು ತಾಯಿ?"

ಹನ್ನೆರಡು ದಿನವಾಯಿತು ಅನ್ನಬೇಕು. ಪ್ರಿಂಟರ್ ಹೋಗಿದ್ದು ನೆನ್ನೆ. ಆ ಖಾಲಿ ಮೇಜನ್ನು ನೋಡುತ್ತಾ ನನ್ನ ಬಾಯಿಂದ ಬಂದದ್ದು, "ಇವತ್ತು ಬೆಳಿಗ್ಗೆ."

"ಗೊತ್ತಾಗಿದ್ ತಕ್ಷಣ ಓಡ್ಬಂದ್ರಲ್ಲ," ಅಂದರು ಪಾಲಾಕ್ಷನವರು. "ಬ್ಯಾರೆ ಯಾರಾಗಿದ್ರೂ ಮುಚ್ಚಾಕ್ಬುಡೋರು. ನೀವು ದೊಡ್ಡೋರು ತಾಯಿ." ಸ್ಟೂಲು ಒರೆಸಿ ನನ್ನನ್ನು ಕೂರಿಸಿ, ಪಕ್ಕದ ಹೋಟೆಲಿನಿಂದ ಟೀ ತರಿಸಿದರು. ನಾನು ಕುಡಿದೆ.