ಕಡಲೆ ಪೊಟ್ಟಣದ ಮುಂದಿನ ಹಾಳೆ

ಮಣಿಪಾಲದ ಬಸ್‌ಸ್ಟ್ಯಾಂಡಿನಲ್ಲಿ ನಾನು ಹಳೆ ಪುಸ್ತಕದ ಹಾಳೆಯಲ್ಲಿ ನೆಲಗಡಲೆ ಪೊಟ್ಟಣ ಕಟ್ಟಿ ಮಾರುತ್ತಿದ್ದೆ. ಒಮ್ಮೆ ಕಂಪ್ಯೂಟರ್ ಕಲಿಸುವ ಮಾಸ್ಟ್ರೊಬ್ಬರು ಹೊಳೆಯುವ ಸಿಡಿಯೊಂದನ್ನು ತೋರಿಸಿದರು.

"ಅಜ್ಜಿ, ಇದರೊಳಗೆ ಒಂದು ಕಪಾಟು ಪುಸ್ತಕ ಉಂಟು. ಇನ್ನು ಕಾಗದದ ಪುಸ್ತಕ ಯಾರಿಗೂ ಬೇಡ."

ನಾನು ಅದನ್ನು ತಿರುಗಿಸಿ ನೋಡಿದೆ. "ಹಾಗಾದರೆ ನಾನು ಕಡಲೆ ಎಂತದರಲ್ಲಿ ಕಟ್ಟುವುದು ಮಾರಾಯ್ರೆ? ಇದಕ್ಕೆ ನಡುವೆ ತೂತು ಬೇರೆ!"

ಅವರು ನಗುತ್ತ ಒಂದು ಪೊಟ್ಟಣ ತೆಗೆದುಕೊಂಡರು. ಕಡಲೆ ಮುಗಿದರೂ ಕಾಗದ ಕೆಳಗಿಡಲಿಲ್ಲ. ಅವರ ಬಸ್ಸು ಬಂದು ಹೋಯಿತು.

"ಅಜ್ಜೀ, ಹುಡುಗಿ ಬಾವಿಗೆ ಇಣುಕಿದ್ದಾಳೆ! ಈ ಕಥೆಯ ಮುಂದಿನ ಹಾಳೆ ಎಲ್ಲಿ?"

"ನನಗೆ ಓದಲು ಬರುವುದಿಲ್ಲ. ಬುಟ್ಟಿಯ ಯಾವುದೋ ಪೊಟ್ಟಣದಲ್ಲಿ ಇರಬಹುದು. ತೆಗೆದುಕೊಂಡು ಹುಡುಕಿ."

ಕೊನೆಯ ಪೊಟ್ಟಣದಲ್ಲಿ ಹಾಳೆ ಸಿಕ್ಕಿತು. ಕಿಸೆ ತುಂಬ ಕಡಲೆ ಸುರಿದುಕೊಂಡು, ಓದುತ್ತಲೇ ಮುಂದಿನ ಬಸ್ಸು ಹತ್ತಿದ ಮಾಸ್ಟ್ರು ಸಿಡಿಯನ್ನು ಮರೆತೇಬಿಟ್ಟರು. ಕೇಳಿಕೊಂಡೂ ಬರಲಿಲ್ಲ.

ಈಗ ಅದು ನಮ್ಮ ಅಂಗಳದಲ್ಲಿ ಒಣಹಾಕಿದ ಕಡಲೆಯ ಮೇಲೆ ನೇತಾಡುತ್ತದೆ. ಒಂದು ಕಾಗೆಯೂ ಹತ್ತಿರ ಸುಳಿಯುವುದಿಲ್ಲ. ದಾರ ಕಟ್ಟಲಿಕ್ಕೆ ಆ ತೂತು ಒಳ್ಳೆಯದೇ ಆಯಿತು.