ಹಳ್ಳದ ಒಡ್ಡು

ಹಂಪಮ್ಮ ಒಲೆ ಹಚ್ಚುವ ಮೊದಲು ಹಳ್ಳಕ್ಕೆ ಹೋಗುತ್ತಾಳೆ. ಹಿಂದಿನ ದಿನದ ರೊಟ್ಟಿಯ ತುಣುಕನ್ನು ಪುಡಿಮಾಡಿ ನೀರಿಗೆ ಹಾಕಿ, “ತಗೋ ತಾಯಿ” ಎನ್ನುತ್ತಾಳೆ. ಜ್ವರ ಬಂದಾಗಲೂ ಇದು ತಪ್ಪಿಲ್ಲ. ಬೆರಳುದ್ದದ ಮೀನುಗಳು ಬಂದು ಮುತ್ತುತ್ತವೆ.

ಯಾದಗಿರಿ ಕಡೆಯ ಈಕೆ ಗಂಡ ತೀರಿದ ಮೇಲೆ ಹೈದರಾಬಾದಿಗೆ ಬಂದಳು. ಮೊದಲು ಸನತ್‌ನಗರದಲ್ಲಿ ಕಟ್ಟಡದ ಕೆಲಸ. ಈಗ ಊರಾಚೆ ಅರಣ್ಯ ಇಲಾಖೆ ಬೆಳೆಸುತ್ತಿರುವ ಸಾಗುವಾನಿ ಕಾಡಿನಲ್ಲಿ ಕೂಲಿ. ಜೊತೆಗಿನ ಹೆಂಗಸರಿಗೆ ತೆಲುಗು ಬಾರದು. ಮೇಲ್ವಿಚಾರಕ ದಿನೇಶ ಹೇಳಿದ್ದನ್ನು ಹಂಪಮ್ಮ ಕನ್ನಡದಲ್ಲಿ ಹೇಳಿದರೇ ಕೆಲಸ ಸಾಗುವುದು.

“ಹಂಪವ್ವ ಇಲ್ಲಂದ್ರ ನಾವೆಲ್ಲಾ ಮೂಕಬಸವ” ಎಂದು ಗೆಳತಿ ನೀಲಾ ನಗಾಡುತ್ತಿದ್ದಳು.

ಮಳೆಗಾಲದಲ್ಲಿ ಗಿಡಗಳಿಗೆ ಯೂರಿಯಾ ಬಂತು. ದಿನೇಶ ಬೈಕಿನಿಂದ ಇಳಿಯದೆ, “ವಾಗು ವದ್ದು!” ಎಂದು ಕೂಗಿ ಹೋದ. ತೆಲುಗಿನಲ್ಲಿ ವಾಗು ಎಂದರೆ ಹಳ್ಳ, ವದ್ದು ಎಂದರೆ ಬೇಡ. ಹಳ್ಳದ ಪಕ್ಕ ಹಾಕಬೇಡಿ ಎಂದು ಅವನು ಹೇಳಿದ್ದು. ಬೈಕಿನ ಸದ್ದಿನಲ್ಲಿ ಹಂಪಮ್ಮನ ಕಿವಿಗೆ ಬಿದ್ದದ್ದು ನಮ್ಮ ‘ಒಡ್ಡು’.

“ಹಳ್ಳದ ಒಡ್ಡಿನ್ಯಾಗೂ ಹಾಕ್ರೆವ್ವಾ.”

“ನೀರಿಗೆ ಹೋಗೂದಿಲ್ಲೇನಬೇ?” ನೀಲಾ ಕೇಳಿದಳು.

“ಸರಕಾರಿ ಗೊಬ್ಬರ ಐತಿ. ಗಂಗವ್ವಗೂ ಒಂದೀಟು ಊಟ ಆಗ್ಲಿ ಬಿಡ.”

ಮಧ್ಯಾಹ್ನ ಜೋರು ಮಳೆ. ಬಿಳಿ ಕಾಳುಗಳು ಕರಗಿ ಹಳ್ಳ ಸೇರಿದವು. ಮರುದಿನ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ವಾರ ಕಳೆಯುವುದರೊಳಗೆ ನೀರಿನ ಮೇಲೆ ದಪ್ಪ ಹಸಿರು ಪಾಚಿ, ಕೊಳೆತ ನಾತ.

ಕೆಳಗಿನ ಹಳ್ಳಿಯಲ್ಲಿ ಮೀನು ಹಿಡಿದು ಬದುಕುವ ರಾಮದಾಸ, ಬುಟ್ಟಿಯಲ್ಲಿದ್ದ ಸತ್ತ ಮೀನನ್ನು ಕೂಲಿಯವರ ಶೆಡ್ಡಿನ ಮುಂದೆ ಸುರಿದ. ಬೈಯಲಿಲ್ಲ. ಇನ್ನು ನಾವೇನು ತಿನ್ನಬೇಕಮ್ಮ ಎಂದು ತೆಲುಗಿನಲ್ಲಿ ಕೇಳಿದ. ಆ ಒಂದು ಮಾತನ್ನು ಹಂಪಮ್ಮ ಜೊತೆಯವರಿಗೆ ಕನ್ನಡದಲ್ಲಿ ಹೇಳಲಾರದೆ ಹೋದಳು.

ಕಚೇರಿಯವರು ವಿಚಾರಣೆಗೆ ಬರುತ್ತಾರೆಂಬ ಸುದ್ದಿ ಬಂತು. ತಪ್ಪು ಯಾರದೋ ಅವರ ಕೆಲಸ ಹೋಗುತ್ತದೆ. ದಿನೇಶ ಕೆಟ್ಟವನಲ್ಲ. ಅವಳನ್ನು ಪಕ್ಕಕ್ಕೆ ಕರೆದು, ಅಂದು ಹೇಳಿದ್ದು ‘ವದ್ದು’ ಎಂದು ತಿಳಿಸಿ, ಎಲ್ಲ ಮಳೆಯಿಂದಾಯಿತು ಎಂದು ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ, ಕೆಲಸ ಉಳಿಯುತ್ತದೆ ಎಂದ.

ಹಂಪಮ್ಮನಿಗೆ ಆಗ ತೆಲುಗು ನಾಲಿಗೆಗೆ ಬರಲಿಲ್ಲ. ಕನ್ನಡದಲ್ಲೇ ಅಂದಳು:

“ಬ್ಯಾಡ್ರಿ ಸಾಹೇಬ್ರ. ದೇವರು ಕೊಟ್ಟ ಮಳಿ ಮ್ಯಾಲ ಹೊರಸಬ್ಯಾಡ್ರಿ. ಮಳಿದು ತಪ್ಪಂದ್ರ ನಾಳೆ ಮತ್ತ ಹಳ್ಳದ ದಂಡಿಗೇ ಗೊಬ್ಬರ ಹಾಕ್ತಾರ. ನನ್ನ ಹೆಸರೇ ಹೇಳ್ರಿ.”