ನಿನಗೂ ಹೇಳಬೇಕಿದ್ದ ರಕ್ತದ ಸುದ್ದಿ

ಶೈಲಾ, ನಿನ್ನ ಎರಡು ಮಕ್ಕಳು ಹೊಟ್ಟೆಯಲ್ಲೇ ಏಕೆ ಸತ್ತವೆಂಬುದು ನಿನ್ನ ಡಾಕ್ಟರಿಗಿಂತ ಮೊದಲು ನನಗೆ ಗೊತ್ತಿತ್ತು. ನಿನ್ನ ಮದುವೆಗೂ ಮುಂಚೆಯೇ ಗೊತ್ತಿತ್ತು. ನಿನಗೆ ತಿಳಿಸಬೇಕೆಂದು ಒಬ್ಬರು ನನಗೆ ಒತ್ತಿ ಹೇಳಿದ್ದರು. ನಾನು ತಿಳಿಸಲಿಲ್ಲ.

ಎರಡು ಸಾವಿರದ ಎರಡನೆಯ ಇಸವಿ. ಬ್ಯಾಂಕಿನವರು ಇವರನ್ನು ಗದಗಿನಿಂದ ವಿಶಾಖಪಟ್ಟಣಕ್ಕೆ ವರ್ಗ ಮಾಡಿದ್ದರು. ಅಲ್ಲಿ ನನ್ನ ಎರಡನೆಯ ಬಸಿರೂ ಏಳನೇ ತಿಂಗಳಲ್ಲಿ ಹೋಯಿತು. ಅದರ ಬೆನ್ನಿಗೇ ಎಡಗಾಲು ಬಾತು ಕಂಬದಂತಾಯಿತು. ಒಳಗಿನ ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಊರಿಗೆ 'ಕಾಲುನೋವು' ಎಂದಷ್ಟೇ ಹೇಳಿದೆವು. ತಿಂಗಳುಗಟ್ಟಲೆ ಔಷಧಿ ನುಂಗಿ ಮುಗಿದ ಮೇಲೆ ಡಾಕ್ಟರಮ್ಮ ನನ್ನ ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ವರದಿ ಬಂದ ದಿನ ಇವರ ಶಾಖೆಯಲ್ಲಿ ತಪಾಸಣೆ ಇತ್ತು; ನಾನೊಬ್ಬಳೇ ಹೋದೆ.

ರಕ್ತ ಸುಮ್ಮಸುಮ್ಮನೆ ಗಟ್ಟಿಯಾಗದಂತೆ ತಡೆಯುವ ಒಂದು ಪ್ರೋಟೀನು ನನ್ನಲ್ಲಿ ಹುಟ್ಟಿನಿಂದಲೇ ಕಡಿಮೆಯಂತೆ. ಬಸಿರಿನಲ್ಲಿ ಆ ದೋಷ ಇನ್ನೂ ಜೋರಾಗುತ್ತದಂತೆ. ತಾಯಿಯಿಂದ ಮಗುವಿಗೆ ರಕ್ತ ಹರಿಯುವ ದಾರಿಯೇ ಕಟ್ಟಿಕೊಳ್ಳಬಹುದಂತೆ. ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಬಂದದ್ದು.

"ಚೆಲ್ಲೆಳ್ಳು ಉನ್ನಾರಾ, ಅಮ್ಮಾ?" ಎಂದು ಡಾಕ್ಟರಮ್ಮ ಕೇಳಿದರು. ತಂಗಿ ಒಬ್ಬಳಿದ್ದಾಳೆ ಎಂದೆ.

"ಆಮೆಕಿ ತಪ್ಪಕುಂಡಾ ಚೆಪ್ಪಂಡಿ" — ಅವಳಿಗೆ ತಪ್ಪದೆ ಹೇಳಿ. ಅವಳಿಗೂ ಇರಬಹುದು, ಮೊದಲೇ ಗೊತ್ತಾದರೆ ಇಂಜೆಕ್ಷನ್ ಕೊಟ್ಟು ಕಾಪಾಡಿಕೊಳ್ಳಲು ನೋಡಬಹುದು ಎಂದರು. ನಾನು ಸಭ್ಯಳಾಗಿ ತಲೆಯಾಡಿಸಿದೆ. ಸಭ್ಯತೆಗೆ ನನ್ನಲ್ಲಿ ಎಂದೂ ಕೊರತೆ ಇರಲಿಲ್ಲ.

ಆಗ ನಿನ್ನ ಮದುವೆಯ ಮಾತುಕತೆ ನಡೆದಿತ್ತು. ವಂಶದ ದೋಷವೆಂಬ ಮಾತು ಹೊರಬಿದ್ದರೆ ಸಂಬಂಧ ಮುರಿದೀತು, ನಿನ್ನ ಒಳ್ಳೆಯದಕ್ಕೇ ಬಾಯಿ ಮುಚ್ಚಿಕೊಂಡೆ — ಈ ನೆಪವನ್ನು ಎಷ್ಟು ವರ್ಷ ಮುದ್ದಾಡಿ ಸಾಕಿದ್ದೇನೆ ಗೊತ್ತೆ? ಸುಳ್ಳು. ನೀನು ಗಂಡನ ಜೊತೆ ವಿಜಯವಾಡಕ್ಕೆ ಬಂದ ಮೇಲೆ ಹೇಳಬಹುದಿತ್ತಲ್ಲ? ನೀನು ಕಂಪ್ಯೂಟರ್ ಕಲಿತವಳು, ಸ್ಕೂಟರ್ ಓಡಿಸುವವಳು, ಅಮ್ಮ ಎದ್ದರೆ ಕೂತರೆ ಹೊಗಳುವ ಮಗಳು. ನಿನ್ನೆದುರು ನಾನು ದೋಷದವಳಾಗಲಾರೆ — ಇಷ್ಟೇ ವಿಷಯ. ಇದಕ್ಕೆ ಸಂಕಟ ಎಂಬ ಹೆಸರು ಕೊಡುವಷ್ಟು ಮರ್ಯಾದೆಯೂ ಬೇಡ. ಸಣ್ಣತನ.

ಮೂರನೆಯ ಬಸಿರಿನಲ್ಲಿ ದಿನವೂ ಹೊಟ್ಟೆಗೆ ಇಂಜೆಕ್ಷನ್ ತೆಗೆದುಕೊಂಡೆ. ಇವರಿಗೆ 'ಕಾಲಿನ ನರಕ್ಕೆ' ಎಂದೆ. ಎರಡನೆಯ ಪ್ರಶ್ನೆ ಕೇಳುವ ಅಭ್ಯಾಸ ಇವರಿಗಿಲ್ಲ. ಶ್ರೀಲಕ್ಷ್ಮಿ ಹುಟ್ಟಿದಳು. ಬಂದವರಿಗೆಲ್ಲ ಸಿಂಹಾಚಲಂ ಬೆಟ್ಟದ ಸ್ವಾಮಿ ಕೊಟ್ಟ ಮಗು ಎಂದು ಹೇಳಿದೆ. ನಾಮಕರಣಕ್ಕೆ ಬಂದಿದ್ದ ನೀನು ಅವಳನ್ನು ಎತ್ತಿಕೊಂಡು, "ನಾನೂ ಬೇಡ್ಕೊಂಡ್ ಬರ್ತೀನಕ್ಕಾ" ಎಂದೆ. ಬಾಯಿ ತೆರೆದರೆ ಸಾಕಿತ್ತು. ನಾನು ಬಾಳೆಹಣ್ಣು, ತೆಂಗಿನಕಾಯಿ ಕಟ್ಟಿಕೊಟ್ಟು ನಿನ್ನನ್ನು ಬೆಟ್ಟಕ್ಕೆ ಕಳಿಸಿದೆ. ದೇವರದೇನು ತಪ್ಪು? ಅವನ ಬೆನ್ನ ಹಿಂದೆ ಅಡಗಿ ಕೂತವಳು ನಾನು.

ಮುಂದಿನ ವರ್ಷ ನಿನ್ನ ಮೊದಲ ಕೂಸು ಆರನೇ ತಿಂಗಳಲ್ಲಿ ಹೋಯಿತು. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಗೆ ನಾನು ಬಂದಾಗ ನಿನ್ನ ಅತ್ತೆ ವರಾಂಡದಲ್ಲೇ ಶುರುಮಾಡಿದ್ದರು: "ಗವರ್ನರ್‌ಪೇಟೆಗೆ ದಿನಾ ಸ್ಕೂಟರ್ ಹೊಡಕೊಂಡು ಹೋದ್ರ ಬಸಿರು ನಿಲ್ತೈತೇನು? ನೌಕರಿ ಬ್ಯಾರೆ ಕೇಡು!" ಒಳಗೆ ನೀನು ಗೋಡೆಯ ಕಡೆ ಮುಖಮಾಡಿ ಮಲಗಿದ್ದೆ. ನನ್ನ ಕೈ ಹಿಡಿದುಕೊಂಡೆ.

"ಅಕ್ಕಾ, ಡಾಕ್ಟರ್ ಕೇಳ್ಯಾರ, ನಿಮ್ಮ ಮನ್ಯಾಗ ಯಾರಿಗರ ಹಿಂಗ ಆಗೇತೇನು ಅಂತ. ನಿನಗ ಎರಡು ಹೋದವಲ್ಲ, ಅದ್ಯಾಕ ಅಂತ ಏನರ ಹೇಳಿದ್ರೇನು?"

ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ನಂದು ಬ್ಯಾರೆ," ಎಂದೆ. "ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ಲ. ಸ್ಕೂಟರ್ ಬ್ಯಾಡ ಅಂತ ನಾನೂ ಹೇಳಿದ್ದೆ, ನೀ ಕೇಳಲಿಲ್ಲ."

ನಾನು ಹಾಗೆ ಹೇಳಿಯೂ ಇರಲಿಲ್ಲ. ಆದರೂ ನೀನು ನನ್ನನ್ನೇ ನಂಬಿ, ಇಲ್ಲದ ಮಾತನ್ನು ಕೇಳದೆ ಹೋದದ್ದಕ್ಕೆ ನನ್ನ ಕ್ಷಮೆ ಕೇಳಿದೆ. ಕ್ಷಮೆ — ನನ್ನದು! ನಾನು ನಿನ್ನ ತಲೆ ಸವರಿದೆ. ದೊಡ್ಡ ಮನಸ್ಸಿನವಳ ಹಾಗೆ.

ನೀನು ಸ್ಕೂಟರ್ ಮಾರಿದೆ. ನೌಕರಿ ಬಿಟ್ಟೆ. ಎರಡನೆಯ ಬಸಿರಿನಲ್ಲಿ ಮಂಚ ಬಿಟ್ಟು ಇಳಿಯಲೇ ಇಲ್ಲ. ಅತ್ತೆ ಹೇಳಿದರು, ನಾನೂ ಫೋನಿನಲ್ಲಿ ಹೌದೌದು ಎಂದೆ. ಅಲುಗದೆ ಮಲಗಿದರೆ ನಮ್ಮಂಥವರ ರಕ್ತ ಇನ್ನೂ ಬೇಗ ಕಟ್ಟುತ್ತದೆ, ಶೈಲಾ. ಡಾಕ್ಟರಮ್ಮ ನನ್ನನ್ನು ದಿನಾ ನಡೆಯಲು ಹೇಳಿದ್ದರು. ನಾನು ದಿನಾ ಸಮುದ್ರದ ದಂಡೆಯಲ್ಲಿ ನಡೆದವಳು. ನಿನಗೆ ಮಲಗು ಎಂದೆ. ಇದನ್ನು ಬರೆಯುವಾಗ ಈ ಕೈಯನ್ನು ನೋಡಿದರೆ ಅಸಹ್ಯವಾಗುತ್ತದೆ — ಬಳೆ ತೊಟ್ಟು, ಎಷ್ಟು ಮುದ್ದಾಗಿ ಅಕ್ಷರ ಬರೆಯುತ್ತದೆ!

ಎಂಟನೇ ತಿಂಗಳಲ್ಲಿ ಮಗುವಿನ ಎದೆಬಡಿತ ನಿಂತುಹೋಯಿತು. ಹೆಪ್ಪುಗಟ್ಟಿದ ರಕ್ತ ನಿನ್ನ ಶ್ವಾಸಕೋಶಕ್ಕೆ ಏರಿ ನೀನೂ ಹೋಗುವವಳಿದ್ದೆ. ಬದುಕಿದೆ. ಹತ್ತು ದಿನ ಐಸಿಯುನಲ್ಲಿದ್ದು ಹೊರಬಂದೆ. ನಿನ್ನ ಗಂಡ ಇನ್ನು ಬಸಿರೇ ಬೇಡವೆಂದರು. ಕೆಲವು ತಿಂಗಳ ನಂತರ ಅಲ್ಲಿಯ ಡಾಕ್ಟರು ನಿನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಅದೇ ಪ್ರೋಟೀನು, ಅದೇ ದೋಷ.

ಅಂದು ನೀನು ಏನು ಮಾಡಿದೆ, ನೆನಪಿದೆಯೆ? ಆಸ್ಪತ್ರೆಯ ಹೊರಗಿನ ರಸ್ತೆಯಿಂದಲೇ ನನಗೆ ಫೋನು ಮಾಡಿದೆ. ಬಸ್ಸುಗಳ ಹಾರ್ನಿನ ನಡುವೆ ಕೂಗಿ ಹೇಳಿದೆ: "ಅಕ್ಕಾ, ಇದು ವಂಶದಾಗ ಬರ್ತೈತಂತ. ನೀ ನಾಳೇನ ಪರೀಕ್ಷಾ ಮಾಡಿಸ್ಕೋ. ಲಕ್ಷ್ಮಿಗೂ ದೊಡ್ಡಾಕಿ ಆದಮ್ಯಾಲೆ ಮಾಡ್ಸು, ಮರೀಬ್ಯಾಡ. ನಿನಗೇನರ ಆದ್ರ ನಾ ಏನ್ ಮಾಡ್ಲಿ?"

ನಾನು ಐದು ವರ್ಷದಲ್ಲಿ ಮಾಡದ್ದನ್ನು ನೀನು ಐದು ನಿಮಿಷದಲ್ಲಿ ಮಾಡಿದೆ. ನಾನು ಏನೆಂದೆ? "ಹೌದೇನು! ಆತು, ಮಾಡಿಸ್ತೀನಿ." ಆಶ್ಚರ್ಯವನ್ನೂ ನಟಿಸಿದೆ.

ಈ ಪತ್ರ ನನ್ನ ಒಳ್ಳೆಯತನದಿಂದ ಹುಟ್ಟಿತೆಂದು ತಿಳಿಯಬೇಡ. ಲಕ್ಷ್ಮಿಗೆ ಈಗ ಹತ್ತೊಂಬತ್ತು. ಮುಟ್ಟಿನ ತೊಂದರೆಗೆ ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ನಮ್ಮ ರಕ್ತದವರಿಗೆ ಆ ಮಾತ್ರೆ ಅಪಾಯ. ತಡೆಯಲು ಹೇಳಲೇಬೇಕಾಯಿತು, ಒಂದು ಹೇಳಿದ್ದಕ್ಕೆ ಎಲ್ಲ ಹೇಳಬೇಕಾಯಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕನ್ನಡದಲ್ಲಿ ಮಾತು ಸಾಲದೆ ತೆಲುಗಿನಲ್ಲಿ ಕೇಳಿದಳು: "ಪಿನ್ನಿಕಿ ತೆಲುಸಾ?" ಚಿಕ್ಕಮ್ಮನಿಗೆ ಗೊತ್ತಾ?

ಇಲ್ಲ ಎಂದೆ.

"ನುವ್ವು ಚೆಪ್ತಾವಾ, ನನ್ನು ಚೆಪ್ಪಮಂಟಾವಾ?" ನೀನು ಹೇಳುತ್ತೀಯೋ, ನಾನು ಹೇಳಲೋ ಎಂದು. ಆಮೇಲೆ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಇಂದಿಗೆ ನಾಲ್ಕು ದಿನ.

ಬೇರೆಯವರ ಬಾಯಲ್ಲಿ ನೀನಿದನ್ನು ಕೇಳಬಾರದು. ಅದಕ್ಕೇ ಬರೆದೆ. ನನ್ನ ಹಳೆಯ ವರದಿಯನ್ನೂ ಇದರೊಳಗೆ ಇಟ್ಟಿದ್ದೇನೆ, ತಾರೀಕು ನೋಡಿಕೋ. ಭಾನುವಾರ ಲಕ್ಷ್ಮಿಯೊಂದಿಗೆ ವಿಜಯವಾಡಕ್ಕೆ ಬರುತ್ತೇನೆ. ನಿನ್ನ ಗಂಡನೆದುರು, ನಿನ್ನ ಅತ್ತೆ ಎದುರು, ಸ್ಕೂಟರಿನಿಂದಲ್ಲ, ನನ್ನಿಂದ ಎಂದು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ — ಕೇಳಿದರೆ ನೀನು ಕೊಟ್ಟುಬಿಡುತ್ತೀ.